ಎಮ್ಮೆಯ ಬಣ್ಣ ಯಾವುದು?

ನಮ್ಮ ಮನೆಯ ಪ್ರಿಂಟರಿಗೆ ಒಂದು ಚಾಳಿ ಇದೆ. ಚಿತ್ರ ಕೊಡುವ ಮೊದಲು ಮೂಗು ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಭಾಷಣಕ್ಕೆ ಎದ್ದುನಿಂತ ಊರ ಮುಖಂಡನಂತೆ ಸುಮ್ಮನೆ ಕಾಯಿಸುತ್ತದೆ. ಇಂದು ಬೆಳಿಗ್ಗೆ ಹಾಗೆಯೇ ಕಾಯಿಸಿ ನನ್ನ ಹೆಂಡತಿಯ ಫೋಟೋ ಹೊರಗೆ ತಳ್ಳಿತು. ಮೊಬೈಲಿನಲ್ಲಿ ಗೋಧಿ ಬಣ್ಣದ ಮುಖ. ಕಾಗದದ ಮೇಲೆ ಎಳೆ ಹೀರೇಕಾಯಿ. ಲೋಂಡಾದಲ್ಲಿರುವ ಅವಳ ತವರಿಗೆ ಕಳಿಸಬೇಕಾದ ಫೋಟೋ ಅದು. ಹಸಿ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆಂಡತಿಯ ಮುಖ ನೋಡುತ್ತ ನನಗೊಂದು ಎಮ್ಮೆ ನೆನಪಾಯಿತು. ಈ ಮಾತು ನಮ್ಮ ನಿಮ್ಮಲ್ಲೇ ಇರಲಿ.

ಎಮ್ಮೆಯ ಹೆಸರು ಚಂದ್ರಿ. ಖಾನಾಪುರದ ನಮ್ಮ ಕಾಕಾನವರದು. ಹಣೆಯ ಮೇಲೆ ಒಂದು ಬಿಳಿ ಮಚ್ಚೆ, ಅದಕ್ಕೇ ಆ ಹೆಸರು. ಕೆಲವು ವರ್ಷಗಳ ಹಿಂದೆ ಕಾಕಾನವರ ಮೊಣಕಾಲುಗಳು ಮುಷ್ಕರ ಹೂಡಿದ್ದರಿಂದ ಚಂದ್ರಿಯನ್ನು ಜಾಂಬೋಟಿಯ ಬೀಗರಿಗೆ ಕೊಡುವುದೆಂದು ಠರಾವಾಯಿತು. ಬುಧವಾರ ಗಾಡಿ ಬರುವುದಿತ್ತು. ಅದಕ್ಕೆ ಮೊದಲು ನನಗೆ ಫೋನು ಬಂತು.

“ತಮ್ಮಾ, ಚಂದ್ರಿದೊಂದು ಫೋಟೋ ಬೇಕಪಾ, ಪಡಸಾಲ್ಯಾಗ ತೂಗ ಹಾಕಾಕ. ಬಣ್ಣ ಮಾತ್ರ ಖರೇ ಖರೇ ಬರಬೇಕ ನೋಡು. ಆಕಿ ಹ್ವಾದ ಮ್ಯಾಲೆ ಫೋಟೋಕ್ಕ ಜೋಡಿ ಹಚ್ಚಿ ನೋಡಾಕ ಆಕಿ ಎಲ್ಲಿ ಸಿಗ್ತಾಳ?”

“ಎಮ್ಮಿ ಅಂದ್ರ ಕರೇದ ಅಲ್ಲೇನ್ರಿ ಕಾಕಾ, ಅದಕ್ಕೇನ ಬಣ್ಣ?” ಎಂದು ನಾನು ನಕ್ಕೆ. ಆಗಷ್ಟೇ ಪ್ರಿಂಟರ್ ಕೊಂಡ ಸೊಕ್ಕು ಅದು. ಹಿಂದಿನ ಸಲ ಹೋದಾಗ ಮೊಬೈಲಿನಲ್ಲಿ ಹೊಡೆದ ಚಂದ್ರಿಯ ಫೋಟೋ ನನ್ನ ಬಳಿ ಇತ್ತು. ಗುಂಡಿ ಒತ್ತಿದರೆ ಆಯಿತಲ್ಲ!

ಹೊಳಪಿನ ಕಾಗದ ಕಂಡರೆ ಸಾಕು, ಈ ಯಂತ್ರ ತನ್ನ ಕಪ್ಪು ಮಸಿಯನ್ನು ಜಿಪುಣನಂತೆ ಬಚ್ಚಿಟ್ಟುಕೊಂಡು, ನೀಲಿ, ಕೆಂಪು, ಹಳದಿಗಳನ್ನೇ ಕಲಸಿ ಇದೇ ಕಪ್ಪು ಎಂದು ನಂಬಿಸಲು ನೋಡುತ್ತದೆ ಎಂಬುದು ನನಗೇನು ಗೊತ್ತು? ಮೊದಲ ಚಂದ್ರಿ ಬದನೆಕಾಯಿಯಾಗಿ ಹುಟ್ಟಿದಳು. ಕೆಂಪು ತಗ್ಗಿಸಿದೆ, ಪಾಚಿಗಟ್ಟಿದ ಬಾವಿಗಲ್ಲಾದಳು. ಕಂಪ್ಯೂಟರಿನ ಪರದೆ ಹಗಲಿನ ಸೂರ್ಯನಂತೆ ಉರಿಯುತ್ತಿರುವಾಗ ಕಾಗದ ಅದಕ್ಕೆ ಹೇಗೆ ಸಮವಾದೀತು ಎಂದು ಪರದೆಯ ಬೆಳಕು ಇಳಿಸಿದೆ. ಯಾವ ಜಾತಿಯ ಕಾಗದ ಎಂದು ಯಂತ್ರಕ್ಕೆ ತಿಳಿಸಿ ಹೇಳಿದೆ. ಅದರ ಮಸಿ ಉಗುಳುವ ಮೂತಿಯನ್ನೂ ತೊಳೆಸಿದೆ. ನಾನಿರುವುದು ವಡಗಾವಿಯಲ್ಲಿ, ಪಕ್ಕದ ಮನೆಯ ನೇಕಾರ ಕಲ್ಲಪ್ಪಣ್ಣ ಮಗ್ಗ ನಿಲ್ಲಿಸಿ ಬಂದು ಬದನೆಕಾಯಿ ಚಂದ್ರಿಯನ್ನು ಕೈಗೆತ್ತಿಕೊಂಡ. “ಭಾರಿ ಬಂದೈತ್ರಿ! ಈ ಬಣ್ಣದ ಸೀರಿ ಕೈಯಾಗ ಕೈಯಾಗ ಮಾರಿ ಹೋಗ್ತಾವ” ಎಂದ. ಎಮ್ಮೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅಂತೂ ಮಂಗಳವಾರ ನಮ್ಮ ಟ್ಯೂಬ್‌ಲೈಟಿನ ಕೆಳಗೆ ಚಂದ್ರಿ ಕಪ್ಪಾದಳು, ಅಪ್ಪಟ ಕಪ್ಪು. ಟವೆಲ್ಲಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಖಾನಾಪುರದ ಬಸ್ಸು ಹಿಡಿದೆ.

ಕಾಕಾ ಫೋಟೋವನ್ನು ಪಡಸಾಲೆಯ ಹಳದಿ ಬಲ್ಬಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದ್ಯಾರೋ?”

“ಚಂದ್ರಿ ರೀ.”

“ತುಕ್ಕ ಹಿಡದೈತಲ್ಲೋ ತಮ್ಮಾ!”

ನಿಜ. ನಮ್ಮ ಮನೆಯ ಕಪ್ಪು ಇಲ್ಲಿ ತುಕ್ಕಾಗಿತ್ತು. ಅಂಗಳದ ಬಿಸಿಲಿಗೆ ಒಯ್ದೆ, ಹಸಿರು ಹೊಡೆಯಿತು. ಒಂದೇ ಕಾಗದದಲ್ಲಿ ಮನೆಗೊಂದು ಅಂಗಳಕ್ಕೊಂದು ಎಮ್ಮೆ! ಮರುದಿನ ಗಾಡಿ ಬರುತ್ತದೆ. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಕಾಕಾ ಮಾತ್ರ ಮೊಣಕಾಲು ಹಿಡಿದುಕೊಂಡು ಎದ್ದರು.

“ತೂಗ ಹಾಕೂದು ಎಲ್ಲಿ? ಇಲ್ಲಿ. ಹಂಗಾರ ಆಕೀನ್ನೂ ಇಲ್ಲೇ ನಿಂದರಿಸಿ ನೋಡೂಣು ನಡಿ.”

ಚಂದ್ರಿ ಹೊಸ್ತಿಲು ದಾಟಿ, ಮದುವೆಗೆ ಬಂದ ಹಿರಿಯ ಬೀಗಿತ್ತಿಯಂತೆ ನಿಧಾನವಾಗಿ ಪಡಸಾಲೆಗೆ ಬಂದಳು. ಒಳಗಿನಿಂದ ಇಣುಕಿದ ಕಾಕಾನವರ ಹೆಂಡತಿ, ನಮ್ಮ ಕಾಕು, ಗುಡುಗಿದರು: “ಅಯ್ಯ ನನ ಶಿವನ! ಈಗರೆ ಫರಸಿ ನೆಲಾ ಒರಸೇನಿ, ಎಮ್ಮಿ ತಂದ ನಿಂದರಿಸೀರೇನ? ಹಂಗ ಒಲಿ ಮುಂದನೂ ಕುಂದರಸ್ರಿ, ನಾಕ ರೊಟ್ಟಿ ಬಡೀಲಿ!”

ಕಾಕಾನವರಿಗೆ ಅದು ಕೇಳಿಸಲಿಲ್ಲ. ಫೋಟೋವನ್ನು ಚಂದ್ರಿಯ ಪಕ್ಕೆಗೆ ಹಿಡಿದು, ಅದನ್ನೊಮ್ಮೆ ಅವಳನ್ನೊಮ್ಮೆ ನೋಡಿ ಬೆರಗಾಗಿ ಕೂಗಿದರು: “ಏ ತಮ್ಮಾ, ಇಕಿನೂ ತುಕ್ಕ ಹಿಡದಾಳಲ್ಲೋ!”

ಆ ಬಲ್ಬಿನ ಕೆಳಗೆ ಯಾವ ಎಮ್ಮೆಯಾದರೂ ಅಷ್ಟೇ. ಫೋಟೋ ಅವಳ ಮೈಯಲ್ಲಿ ಕರಗಿಹೋಗಿ ಬಿಳಿ ಮಚ್ಚೆಯೊಂದೇ ಕಾಣುತ್ತಿತ್ತು. ನಾನು ಗೆದ್ದೆನೆಂದು ಉಸಿರು ಬಿಡುವಷ್ಟರಲ್ಲಿ ಚಂದ್ರಿ ಕತ್ತು ತಿರುಗಿಸಿ, ಫೋಟೋ ಮೂಸಿ, ಕೆಳಗಿನಿಂದ ಮೇಲಕ್ಕೆ ಒಂದು ಸಲ ನೆಕ್ಕಿಬಿಟ್ಟಳು. ಮಸಿ ಕದಡಿ, ಹಣೆಯ ಚಂದ್ರನಿಗೆ ನೀಲಿ ಬಾಲ ಬಂತು.

“ಇಂಥಾದ ಇನ್ನೊಂದು ತಗದ ಕೊಡ್ತೇನ್ರಿ ಕಾಕಾ” ಎಂದೆ.

ಕಾಕಾ ಫೋಟೋವನ್ನು ಒರೆಸದೆ, ಆರಲೆಂದು ಎತ್ತಿ ಹಿಡಿದುಕೊಂಡೇ ಹೇಳಿದರು: “ಬ್ಯಾಡ. ಆಕಿನ ಖುದ್ದ ನೋಡಿ ಸಹಿ ಮಾಡ್ಯಾಳ. ಇನ್ನ ಜೋಡಿ ಹಚ್ಚಿ ನೋಡೂದು ಏನ ಉಳೀತು?”

ಬುಧವಾರ ಗಾಡಿ ಬಂತು, ಚಂದ್ರಿ ಹೋದಳು. ಫೋಟೋ ಗೋಡೆಯ ಮೇಲಿದೆ, ನೀಲಿ ಬಾಲದ ಸಮೇತ. ಆಮೇಲೆ ಮನೆತುಂಬ ಬಿಳಿ ಎಲ್‌ಇಡಿ ದೀಪಗಳು ಬಂದರೂ ಪಡಸಾಲೆಯ ಹಳದಿ ಬಲ್ಬಿಗೆ ಯಾರೂ ಕೈ ಹಚ್ಚುವಂತಿಲ್ಲ. “ಅದನ್ನ ಬದಲಿ ಮಾಡಿದ್ರ ಚಂದ್ರಿ ಬಣ್ಣ ಕೆಡತೈತಿ” ಎಂದು ತಡೆಯುವವರು ಕಾಕಾ ಅಲ್ಲ, ಫರಸಿ ಒರೆಸಿದ ಕಾಕು.

ಇವತ್ತು ಹೀರೇಕಾಯಿ ಮುಖದ ಫೋಟೋವನ್ನು ಕೈಯಲ್ಲಿ ಹಿಡಿದು, ಮತ್ತೆ ಕೆಂಪು ಏರಿಸಿ ಹಸಿರು ಇಳಿಸುವ ಗೋಜಿಗೆ ಹೋಗದೆ, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

“ಇದನ್ನ ನಿಮ್ಮವ್ವಾರು ಎಲ್ಲಿ ತೂಗ ಹಾಕ್ತಾರ? ಅಲ್ಲಿ ಎಂಥಾ ದೀಪ ಐತಿ?”

ಖಾನಾಪುರದ ಕಥೆ ನಮ್ಮ ಬಳಗದಲ್ಲಿ ಯಾರಿಗೆ ಗೊತ್ತಿಲ್ಲ? ಹೆಂಡತಿ ಫೋಟೋ ನೋಡಿದಳು, ನನ್ನನ್ನು ನೋಡಿದಳು, ಸೌಟು ಕೆಳಗಿಟ್ಟಳು.

“ಯಾಕ್ರಿ? ನನಗೂ ಹಗ್ಗಾ ಹಚ್ಚಿ ಲೋಂಡಾ ತನಕ ಹೊಡಕೊಂಡ ಹೋಗಾವರೇನ?”

ರವಿವಾರದ ರೈಲಿಗೆ ಇಬ್ಬರೂ ಹೊರಟಿದ್ದೇವೆ, ಹಗ್ಗವಿಲ್ಲದೆ. ಫೋಟೋ ಟವೆಲ್ಲಿನಲ್ಲಿದೆ. ಸಹಿ ಹಾಕುವುದು ಬಿಡುವುದು ಅವಳಿಗೆ ಬಿಟ್ಟದ್ದು.