ಒಗ್ಗರಣೆಗೆ ಒಳಗೆ ಜಾಗವಿಲ್ಲ

ಟೊರಾಂಟೊದ ಸ್ಕಾರ್‌ಬರೋ ಬಡಾವಣೆಯ ಆ ಮನೆಯ ಅಡುಗೆಮನೆಯನ್ನು ಒಮ್ಮೆ ನೋಡಬೇಕು. ಗ್ರಾನೈಟು ಕಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಆರು ಉರಿಯ ಒಲೆ, ಅದರ ಮೇಲೆ ಊರಿನ ಹೊಗೆಯನ್ನೆಲ್ಲ ನುಂಗುವಷ್ಟು ದೊಡ್ಡ ಚಿಮಣಿ. ಆದರೆ ಆ ಒಲೆ ಇವತ್ತಿನವರೆಗೆ ಒಂದು ಸಾಸಿವೆ ಕಾಳು ಸಿಡಿದದ್ದನ್ನು ಕಂಡಿಲ್ಲ. ಹಾಲು ಕಾಯುತ್ತದೆ, ಅನ್ನ ಬೇಯುತ್ತದೆ, ಅಷ್ಟೇ. ಒಗ್ಗರಣೆ ಏನಿದ್ದರೂ ಹಿತ್ತಲಲ್ಲಿ, ಹಿಮದ ನಡುವೆ, ಬಾರ್ಬೆಕ್ಯೂ ಗಾಡಿಯ ಪಕ್ಕದ ಬರ್ನರಿನ ಮೇಲೆ.

ಗಜೇಂದ್ರಗಡದ ಚೈತನ್ಯಾ ಕಾಲೇಜು ಓದಲೆಂದು ಜನವರಿಯಲ್ಲಿ ಬಂದು ಈ ಮನೆಯ ಬೇಸ್‌ಮೆಂಟಿಗೆ ಬಾಡಿಗೆಗೆ ಇಳಿದಳು. ಮೊದಲ ಸಂಜೆ, ಕಿಟಕಿ ಎಂಬ ಹೆಸರು ಹೊತ್ತ ಕಿಂಡಿಯಿಂದ ಅವಳಿಗೆ ಕಂಡದ್ದು ಎರಡು ಬೂಟು. ಕತ್ತು ಎತ್ತಿ ನೋಡಿದರೆ ಮನೆಯ ಯಜಮಾನ ನರಸಿಂಹ. ಮೈಸೂರಿನ ಕಡೆಯ ನಿವೃತ್ತ ಎಂಜಿನಿಯರು. ದಪ್ಪ ಜಾಕೆಟ್ಟು, ಮಂಕಿ ಟೋಪಿ, ಕೈಗವಸು, ಆ ಕೈಗವಸಿನಲ್ಲಿ ಒಗ್ಗರಣೆ ಸೌಟು! ಚುಂಯ್ ಎಂದಿತು. ಸಾರಿನ ಪಾತ್ರೆಯನ್ನು ಕೂಸಿನಂತೆ ಅವಚಿಕೊಂಡು ಅವರು ಒಳಗೆ ಓಡಿದರು.

ಇದೇನು ಹರಕೆಯೋ ಎಂದು ಹುಡುಗಿ ಯೋಚಿಸುವಷ್ಟರಲ್ಲಿ ಅವರ ಹೆಂಡತಿ ವಾಸಂತಿ ಮೆಟ್ಟಿಲಿಳಿದು ಬಂದು ಮನೆಯ ಕಾನೂನು ಹೇಳಿದರು.

"ನೋಡಮ್ಮ, ಯು ಆರ್ ಲೈಕ್ ಅವರ್ ಡಾಟರ್. ಏನ್ ಬೇಕಾದ್ರೂ ಕುದಿಸ್ಕೋ, ಬೇಯಿಸ್ಕೋ. ಒಗ್ಗರಣೆ ಮಾತ್ರ ಒಳಗಡೆ ಹಾಕ್ಬಾರ್ದು. ಸ್ಮೆಲ್ಲು ಗಾಳಿ ಬರೋ ವೆಂಟಲ್ಲಿ ಮೇಲಕ್ಕೆ ಬಂದು ಕೋಟಿಗೆಲ್ಲ ಹಿಡ್ಕೊಳತ್ತೆ. ಮನೆ ಮಾರೋವಾಗ ಕೊಳ್ಳೋರು ಮೂಗು ಮುಚ್ಕೊಂಡು ವಾಪಸ್ ಹೋಗ್ತಾರೆ."

"ಮನಿ ಮಾರ್ತೀರೇನ್ರಿ ಆಂಟಿ?"

"ಈಗಲ್ಲಮ್ಮ. ಯಾವತ್ತಾದ್ರೂ."

ಯಾವತ್ತೋ ಬರುವ, ಹುಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲದ ಗಿರಾಕಿಯ ಮೂಗಿಗೆ ಹೆದರಿ ವರ್ಷಗಟ್ಟಲೆ ಚಳಿಯಲ್ಲಿ ನಿಂತು ಅಡುಗೆ ಮಾಡುವ ಜನ! ಇವರೇ ಇಲ್ಲಿಯ ಕನ್ನಡ ಸಂಘದ ವೇದಿಕೆಯಲ್ಲಿ ಮೈಕು ಸಿಕ್ಕಿದ ಕೂಡಲೆ ಕನ್ನಡದ ಕಂಪು ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಕಂಪು ಬೇಕು, ಕೋಟಿಗೆ ಹತ್ತಬಾರದು.

ಚೈತನ್ಯಾ ತಲೆಯಾಡಿಸಿದಳು. ಆಡಿಸದೆ ಏನು ಮಾಡುತ್ತಾಳೆ? ಈ ಕೋಣೆ ಕೈಬಿಟ್ಟರೆ ಅವಳಿಗೆ ಉಳಿದದ್ದು ಪರಿಚಯದ ಹುಡುಗಿಯರ ಹಾಲಿನಲ್ಲಿ ಪರದೆ ಕಟ್ಟಿದ ಒಂದು ಮೂಲೆ. ಅಲ್ಲಿಂದ ಕಾಲೇಜಿಗೆ ಮೂರು ಬಸ್ಸು ಬದಲಿಸಬೇಕು. ಇಲ್ಲಿ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ.

ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರುವವರೆಗೆ ಹೇಗೋ ನಡೆಯಿತು. ಆಮೇಲೆ ಬೇಯಿಸಿದ ಬೇಳೆ, ಬೇಯಿಸಿದ ಪಲ್ಯ. ಜ್ವರ ಬಿಟ್ಟವರ ಊಟ. ನರಸಿಂಹರಿಗೆ ಪಾಪ ಅನ್ನಿಸಿತು. "ನಿಂದೂ ಮೇಲಕ್ಕೆ ತಾಮ್ಮ, ಒಂದೇ ಸೌಟಲ್ಲಿ ಆಗೋಗತ್ತೆ" ಎಂದರು. ಆದರೆ ಅವರದು ಇಂಗಿನ ಸೌಟು. ಅದರ ಹತ್ತಿರ ಬೆಳ್ಳುಳ್ಳಿ ಸುಳಿಯುವಂತಿಲ್ಲ. ಬೆಳ್ಳುಳ್ಳಿ ಇಲ್ಲದ ಬೇಳೆ ಚೈತನ್ಯಾಳ ಗಂಟಲಲ್ಲಿ ಇಳಿಯುವಂತಿಲ್ಲ.

ಒಂದು ಶನಿವಾರ ಮೇಲಿನ ಹಾಲಿನಲ್ಲಿ ಸಂಘದ ಕಮಿಟಿ ಸೇರಿತು. ಸಭಾಂಗಣ ಸಿಗದೆ ಫೆಬ್ರವರಿಗೆ ಹೋದ ಸಂಕ್ರಾಂತಿ ಕಾರ್ಯಕ್ರಮದ ಊಟದ ಉಸ್ತುವಾರಿ ವಾಸಂತಿಯವರದು. ಈ ಸಲ ಉತ್ತರ ಕರ್ನಾಟಕದ ಊಟವಂತೆ. "ನಮ್ಮ ಬೇಸ್‌ಮೆಂಟಲ್ಲೇ ಗಜೇಂದ್ರಗಡದ ಹುಡುಗಿ ಇದಾಳೆ, ಎಣ್ಣೆಗಾಯಿ ಅವಳೇ ಮಾಡ್ತಾಳೆ" ಎಂದು ಅವರು ಮಾತು ಕೊಟ್ಟೂ ಆಗಿತ್ತು. ಹುಡುಗಿಯನ್ನು ಒಂದು ಮಾತು ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಅದೇ ಹೊತ್ತಿಗೆ ಹುಡುಗಿ ಸ್ವಂತದ್ದೊಂದು ಸೌಟು ಹಿಡಿದು ಹಿತ್ತಲಿಗೆ ಬಂದಿದ್ದಳು. ಕಾನೂನು ಒಳಗಡೆಗೆ ತಾನೇ? ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬಾರ್ಬೆಕ್ಯೂಗೆ ಚಕ್ರವಿತ್ತು. ಗೋಡೆಯ ಮರೆಗೆ ತಳ್ಳಿಕೊಂಡು ಹೋದಳು. ತಲೆಯ ಮೇಲೆ ಜಾಲರಿ ಹಾಕಿದ ಕೊಳವೆಯ ಬಾಯೊಂದು ಇತ್ತು. ಇರಲಿ, ತನಗೇನು? ಎಣ್ಣೆ ಕಾದಿತು. ಜಜ್ಜಿದ ಬೆಳ್ಳುಳ್ಳಿ ಬಿತ್ತು, ಒಣಮೆಣಸಿನಕಾಯಿ ಬಿತ್ತು, ಅದು ಕರ‍್ರಗಾಯಿತು.

ಆ ಕೊಳವೆ ಇದ್ದದ್ದೇ ಹೊರಗಿನ ಶುದ್ಧ ಗಾಳಿಯನ್ನು ಎಳೆದು ಮನೆಗೆಲ್ಲ ಹಂಚಲಿಕ್ಕೆ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು.

ಒಳಗೆ ಸಂಘದ ಅಧ್ಯಕ್ಷ ಡಾಕ್ಟರ್ ವೇಣುಗೋಪಾಲ, "ನಮ್ಮ ಸಂಸ್ಕೃತಿಯ ಸೊಗಡು..." ಎಂದವರು ಮುಂದಕ್ಕೆ ಕೆಮ್ಮಿದರು. ಖಜಾಂಚಿ ಸೀನಿದರು. ಹಾಲಿನ ಜಾಲರಿಯಿಂದ ಬೆಳ್ಳುಳ್ಳಿ, ಮಲಗುವ ಕೋಣೆಯ ಜಾಲರಿಯಿಂದ ಬೆಳ್ಳುಳ್ಳಿ, ಕೋಟು ತೂಗುಹಾಕಿದ ಕಪಾಟಿನಲ್ಲೂ ಬೆಳ್ಳುಳ್ಳಿ. ವಾಸಂತಿ ಚಪ್ಪಲಿಯಲ್ಲೇ ಹಿಮಕ್ಕೆ ಧುಮುಕಿದರು. ಹಿಂದೆಯೇ ಕಮಿಟಿ.

"ಏನೇ ಇದು! ಒಳಗಡೆ ಹಾಕ್ಬೇಡ ಅಂದಿದ್ನಲ್ಲಾ!"

"ಹೊರಗನ ಹಾಕೇನಲ್ರಿ ಆಂಟಿ."

"ಟೆಕ್ನಿಕಲಿ ಅವಳು ಹೇಳಿದ್ದು ಸರಿ ಕಣೆ," ನರಸಿಂಹ ಕೊಳವೆಯನ್ನು ತೋರಿಸಿದರು. "ಇನ್‌ಟೇಕ್ ಕೆಳಗೇ ಇಟ್ಟಿದಾಳೆ ನೋಡು. ಪರ್ಫೆಕ್ಟ್ ಆಗಿ..."

"ರೀ, ನೀವು ಸುಮ್ನಿರಿ! ಚೈತನ್ಯಾ, ಮಂತ್ ಎಂಡಿಗೆ ಬೇರೆ ರೂಮ್ ನೋಡ್ಕೋ."

ಹುಡುಗಿ ಬರ್ನರು ಆರಿಸಿದಳು. ಪರದೆ ಕಟ್ಟಿದ ಮೂಲೆ ಕಣ್ಣೆದುರು ಬಂದು ನಿಂತಿತು. ಆಗ ವೇಣುಗೋಪಾಲ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದರು.

"ಎಣ್ಣೆಗಾಯಿ ಹುಡುಗಿ ನೀನೇನಮ್ಮ? ಇನ್ನೂರು ಜನಕ್ಕೆ ಮಾಡ್ತೀಯ ಅಂದ್ರು ವಾಸಂತಿ?"

ಚೈತನ್ಯಾ ವಾಸಂತಿಯವರನ್ನು ನೋಡಿದಳು. ವಾಸಂತಿ ಹಿಮವನ್ನು ನೋಡಿದರು.

"ಮಾಡ್ತೇನ್ರಿ ಅಂಕಲ್," ಎಂದಳು. "ಆದ್ರ ಒಗ್ಗರಣಿ ಹಾಕಬಾರ್ದಂತ ರೂಲ್ ಐತ್ರಿ. ಬದನಿಕಾಯಿ ನೀರಾಗ ಕುದಿಸಿ ಕೊಡ್ತೇನ್ರಿ. ನಡೀತೈತೇನ್ರಿ?"

ಖಜಾಂಚಿ ಕಿಸಕ್ಕೆಂದರು. ವೇಣುಗೋಪಾಲರಿಗೆ ಕೆಮ್ಮು, ನಗು ಎರಡೂ ಒಟ್ಟಿಗೆ ಬಂದವು. "ವಾಸಂತಿಯವರೇ, ಬೇಯಿಸಿದ ಬದನೇಕಾಯಿ ನಾನು ಪೇಷಂಟ್‌ಗಳಿಗೂ ಬರೆದುಕೊಟ್ಟವನಲ್ಲ!"

ವಾಸಂತಿ ಕೆಟ್ಟವರಲ್ಲ. ಹೊಸದಾಗಿ ಬಂದಾಗ ಆಫೀಸಿನಲ್ಲಿ ಅವರ ಕುರ್ಚಿಯ ಮೇಲೆ ಯಾರೋ ಮಸಾಲೆ ವಾಸನೆ ಎಂದು ಸೆಂಟು ಸಿಂಪಡಿಸಿ ನಕ್ಕಿದ್ದರು. ಅಂದು ಆ ಜನರ ಮೂಗಿಗೆ ಹೆದರಿದ್ದು ತಪ್ಪಲ್ಲ. ಅದೇ ಮೂಗನ್ನು ತಮ್ಮ ಮುಖಕ್ಕೆ ಅಂಟಿಸಿಕೊಂಡು ಇನ್ನೊಬ್ಬಳ ಬೇಳೆ ಮೂಸಲು ಹೊರಟರಲ್ಲ, ಅದು ತಪ್ಪು. ಆ ತಪ್ಪು ಅವರೊಬ್ಬರದೇ ಎಂದು ಈ ಟೊರಾಂಟೊದಲ್ಲಿ ಯಾರೂ ಎದೆ ತಟ್ಟಿ ಹೇಳುವಂತಿಲ್ಲ.

"ಆಯ್ತು, ಇಲ್ಲೇ ಇರು," ಎಂದರು ವಾಸಂತಿ, ನಡುಗುತ್ತ. "ಬೆಳ್ಳುಳ್ಳಿನೂ ಹಾಕ್ಕೋ. ಆದ್ರೆ ಹೊರಗೇ. ಆ ಪೈಪ್ ಹತ್ರ ಮಾತ್ರ ಬೇಡ."

ಇಷ್ಟಾದರೂ ಹೊರಗೇ! ಆದರೆ ಚೈತನ್ಯಾಳ ಚಿಲಕ ಉಳಿಯಿತು. ಆ ಖುಷಿಗೆ ಅವ್ವ ರುದ್ರವ್ವನಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಹಿಮದಾಗ ನಿಂತು ಒಗ್ಗರಣಿ ಕೊಡ್ತಾರಾ?" ರುದ್ರವ್ವನಿಗೆ ಗಾಬರಿ. "ಅಡಗಿಮನಿ ಇಲ್ಲೇನ ಅವ್ರಿಗೆ?"

"ಐತಿ ಬೇ. ಭಾಳ ಛಲೋ ಐತಿ."

"ಸುಳ್ಳ ಹೇಳಬ್ಯಾಡ. ಇದ್ದಿದ್ರ ಯಾರರ ಹೊರಗ ನಿಲ್ತಿದ್ರಾ? ಪಾಪ, ನಾಚಿಕೊಂಡು ಹೇಳವಲ್ರು. ಆ ಕಡೆ ಯಾರರ ಬರೋರಿದ್ರ ಹೇಳು, ಅವ್ರಿಗೂ ಒಂದ ಗಂಟು ರೊಟ್ಟಿ ಕಟ್ಟಿ ಕಳಸ್ತೇನಿ."