ತೊಳೆದುಹೋದ ಮಸಿ

ಆಯುಧಪೂಜೆ ಬಂತೆಂದರೆ ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ಕೈಗೆ ಸಿಕ್ಕದೆ ಉಳಿಯುವ ವಸ್ತು ಇಲ್ಲ. ಕಾರು ಸರಿ, ಲ್ಯಾಪ್‌ಟಾಪ್ ಸರಿ. ಮಿಕ್ಸಿ, ಹೊಲಿಗೆ ಯಂತ್ರ, ಹುಲ್ಲು ಕತ್ತರಿಸುವ ಮಷೀನು, ಕಡೆಗೆ ಗ್ಯಾರೇಜ್ ಬಾಗಿಲಿನ ರಿಮೋಟಿಗೂ ಅರಿಶಿನ ಕುಂಕುಮ. ಟೆಕ್ಸಾಸಿನ ಆಸ್ಟಿನ್ ಹತ್ತಿರದ ಊರು ಲಿಯಾಂಡರಿನ ನಮ್ಮ ಬೀದಿಯಲ್ಲಿ ಒಮ್ಮೆ ಅವಳು ಡ್ರೈವ್‌ವೇ ಮೇಲೆ ಬೂದುಗುಂಬಳಕಾಯಿ ಒಡೆದದ್ದಕ್ಕೆ ಬಡಾವಣೆಯ ಸಂಘದಿಂದ ಎಚ್ಚರಿಕೆಯ ಈಮೇಲ್ ಬಂದಿತ್ತು. ಮರುವರ್ಷ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಒಡೆದಳು. ಅಷ್ಟೇ ಬದಲಾವಣೆ.

ಪೂಜೆಗೆ ಮುಂಚೆ ಎಲ್ಲವನ್ನೂ ತೊಳೆದು ಒರೆಸಬೇಕು. ಕೊಳೆ ಹಿಡಿದ ಸಲಕರಣೆಗೆ ಕುಂಕುಮ ಇಡುವ ಹಾಗಿಲ್ಲ. ಈ ಪದ್ಧತಿ ನಮ್ಮ ಮನೆಯದೂ ಹೌದು, ಅದರಲ್ಲಿ ನನ್ನ ತಕರಾರು ಏನೂ ಇರಲಿಲ್ಲ. ಆದರೆ ಅದು ನನ್ನ ಮೇಜಿನ ತನಕ ಬರುತ್ತದೆ ಎಂದು ಎಣಿಸಿರಲಿಲ್ಲ.

ಆ ಮೇಜಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಬ್ರಿಟನ್ನಿನ ಉಗಿಯ ಕಾಲದ ರೈಲು ಎಂಜಿನ್‌ಗಳನ್ನೂ ಬೋಗಿಗಳನ್ನೂ ಚಿಕ್ಕದಾಗಿ, ಆದರೆ ಇದ್ದದ್ದು ಇದ್ದ ಹಾಗೆ ಮಾಡುವುದು ನನ್ನ ಹುಚ್ಚು. ನಿಜವಾದ ಎಂಜಿನ್ನಿನ ಒಂದು ಅಡಿ ನನ್ನಲ್ಲಿ ನಾಲ್ಕು ಮಿಲಿಮೀಟರ್. ಹಿತ್ತಾಳೆಯ ತೆಳು ತಗಡು ಮಡಿಸಿ, ಬೆಸುಗೆ ಹಾಕಿ, ಅರದಿಂದ ಉಜ್ಜಿ, ಬಣ್ಣ ಕೊಟ್ಟು ಮುಗಿಸುವಷ್ಟರಲ್ಲಿ ವರ್ಷ ಉರುಳಿರುತ್ತದೆ. ಇದನ್ನು ಆಟದ ಸಾಮಾನು ಎಂದವರ ಮನೆಗೆ ನಾನು ಮತ್ತೆ ಊಟಕ್ಕೆ ಹೋಗುವುದಿಲ್ಲ.

'ಮೈಸೂರಿನವರು ನೀವು, ಇರೋದು ಟೆಕ್ಸಾಸಿನಲ್ಲಿ, ಮಾಡೋದು ಇಂಗ್ಲೆಂಡಿನ ರೈಲಾ?' ಎಂದು ಆಸ್ಟಿನ್ನಿನ ಕನ್ನಡದವರು ಕೇಳುತ್ತಲೇ ಇರುತ್ತಾರೆ. ಕಾರಣ ಒಂದು ಫೋಟೋ. ಕೆಲಸದ ಮೇಲೆ ಕೆಲವು ಕಾಲ ಇಂಗ್ಲೆಂಡಿನ ಉತ್ತರದ ಊರೊಂದರಲ್ಲಿದ್ದೆ. ಮಾತಾಡಲು ಜನರಿಲ್ಲದ ಒಂದು ಶನಿವಾರ, ಹಳೆಯ ಸಾಮಾನಿನ ಅಂಗಡಿಯಲ್ಲಿ ಆ ಕಪ್ಪು-ಬಿಳುಪು ಫೋಟೋ ಸಿಕ್ಕಿತು. ಉಗಿಬಂಡಿಗಳ ಕೊನೆಗಾಲದ್ದು. ಶೆಡ್ಡಿನ ಹೊರಗೆ ಒಂದು ಎಂಜಿನ್, ಅದರ ಹಿಂದೆ ಎರಡು ಬೋಗಿ. ಇನ್ನೇನು ಗುಜರಿಗೆ ಹೋಗುವ ಎಂಜಿನ್ನನ್ನು ಯಾರು ತೊಳೆಯುತ್ತಾರೆ? ಮೈಯೆಲ್ಲ ಮಸಿ, ಎಣ್ಣೆ, ಬಾಯ್ಲರಿನ ನೀರು ಸೋರಿ ಉಳಿದ ಸುಣ್ಣದ ಬಿಳಿ ಗೆರೆ. ಆದರೂ ಅದು ಬೆಳಗಿನ ಕೆಲಸಕ್ಕೆ ತಯಾರಾಗಿ ಹೊಗೆ ಬಿಡುತ್ತ ನಿಂತಿತ್ತು. ಅದನ್ನು ನೋಡಿ ನನಗೆ ಯಾಕೋ ಧೈರ್ಯ ಬಂತು. ಅಲ್ಲಿಂದ ಮುಂದೆ ನಾನಿದ್ದ ಎಲ್ಲ ಮನೆಗಳಲ್ಲೂ ನನ್ನ ಮೇಜಿನ ಮೇಲೆ ಆ ಫೋಟೋ ಇತ್ತು, ಈಗಲೂ ಇದೆ.

ಆ ಎಂಜಿನ್ನನ್ನು ಆ ಬೆಳಗ್ಗೆ ನಿಂತ ಹಾಗೆಯೇ ಮಾಡಬೇಕು ಎನ್ನುವುದು ನನ್ನ ಹಟ. ಈ ಕೆಲಸದಲ್ಲಿ ನಿಯಮ ಒಂದೇ: ಫೋಟೋದಲ್ಲಿ ಇದ್ದದ್ದು ಇರಬೇಕು, ಇಲ್ಲದ್ದು ಇರಬಾರದು. ಮಗಳು ಚಿಕ್ಕವಳಿದ್ದಾಗ ಒಂದು ಪುಟ್ಟ ಗೊಂಬೆ ತಂದು ಡ್ರೈವರಿನ ಜಾಗದಲ್ಲಿ ಕೂರಿಸು ಎಂದಿದ್ದಳು. 'ಫೋಟೋದಲ್ಲಿ ಇಲ್ಲಮ್ಮ' ಎಂದೆ. ಆಮೇಲೆ ಅದು ಮನೆಯ ಗಾದೆಯಾಯಿತು. ಅಂಗಡಿಯಲ್ಲಿ ನಾನೇನಾದರೂ ಬೇಕೆಂದರೆ ತಾಯಿ ಮಗಳು ಇಬ್ಬರೂ ಒಟ್ಟಿಗೆ, 'ಫೋಟೋದಲ್ಲಿ ಇಲ್ಲ' ಎನ್ನುತ್ತಿದ್ದರು.

ತಗಡಿನ ಕೆಲಸಕ್ಕಿಂತ ಕಷ್ಟದ್ದು ಕೊಳೆ. ಮಸಿಯ ಬಣ್ಣದ ಪುಡಿ, ತುಕ್ಕಿನ ಪುಡಿ, ಬೂದಿಯ ಪುಡಿ, ಇವನ್ನು ಸಣ್ಣ ಕುಂಚದ ತುದಿಯಲ್ಲಿ ತೆಗೆದುಕೊಂಡು ಸರಿಯಾದ ಜಾಗದಲ್ಲಿ ಕೂರಿಸಬೇಕು. ಸ್ವಲ್ಪ ಹೆಚ್ಚಾದರೆ ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ. ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿದರೆ ಪುಡಿ ಕಚ್ಚಿಕೊಳ್ಳುತ್ತದೆ. ಅಲ್ಲಿಯ ತನಕ ಬೆರಳು ತಾಗಿದರೂ ಹೋಗುತ್ತದೆ.

ಅಷ್ಟು ಹೊತ್ತಿಗೆ ನನಗೆ ನಡುಕದ ಕಾಯಿಲೆ ಶುರುವಾಗಿತ್ತು. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಇಡೀ ಕೈ. ಇದು ವಾಪಸ್ ಹೋಗುವ ಕಾಯಿಲೆಯಲ್ಲ ಎಂದು ಡಾಕ್ಟರ್ ನಯವಾಗಿಯೇ ಹೇಳಿದ್ದರು. ಬೆಳಗಿನ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕೈ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಮಾತ್ರ ಗ್ಯಾರೇಜಿಗೆ ಹೋಗಿ ಕುಂಚ ಹಿಡಿಯುತ್ತಿದ್ದೆ. ಹೆಂಡತಿ ಆಗ ಮಹಡಿಯ ಮೇಲೆ ಆಫೀಸ್ ಮೀಟಿಂಗಿನಲ್ಲಿ ಇರುತ್ತಿದ್ದಳು. ಒಂದು ದಿನ ಒಂದು ಚಕ್ರ, ಇನ್ನೊಂದು ದಿನ ಒಂದು ಮೆಟ್ಟಿಲು. ಚಳಿಗಾಲದಲ್ಲಿ ಶುರು ಮಾಡಿದ್ದು ಬೇಸಿಗೆ ಕಳೆದು ನವರಾತ್ರಿಯ ಹೊತ್ತಿಗೆ ಮುಗಿಯಿತು. ನನ್ನ ಕೈಯಿಂದ ಆಗುವ ಕೊನೆಯ ಎಂಜಿನ್ ಇದೇ ಎಂದು ನನಗೆ ಗೊತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಹ್ಯೂಸ್ಟನ್ನಿನಲ್ಲಿ ಮಾದರಿ ಮಾಡುವವರ ಪ್ರದರ್ಶನ. ಅಲ್ಲಿ ಅದನ್ನು ಒಮ್ಮೆ ಹಳಿಯ ಮೇಲೆ ನಿಲ್ಲಿಸಿಬಿಟ್ಟರೆ ಸಾಕು ಎಂದುಕೊಂಡಿದ್ದೆ. ವಾರ್ನಿಷ್ ಒಂದು ಬಾಕಿ ಇತ್ತು. ಕೈ ಅಲುಗಿ ಸಿಂಪಡಿಸಿದರೆ ಎಲ್ಲ ಕೆಡುತ್ತದೆ ಎಂಬ ಹೆದರಿಕೆಗೆ ನಾಳೆ ನಾಳೆ ಎನ್ನುತ್ತಿದ್ದೆ.

ಹಬ್ಬದ ಬೆಳಗ್ಗೆ ಗ್ಯಾರೇಜಿಗೆ ಕಾಲಿಟ್ಟರೆ ಪಾತ್ರೆ ಸೋಪಿನ ವಾಸನೆ. ಮೇಜಿನ ಮೇಲೆ ಹೊಸ ಟವೆಲ್, ಅದರ ಮೇಲೆ ನನ್ನ ಎಂಜಿನ್. ಕಪ್ಪಗೆ ಫಳಫಳ ಹೊಳೆಯುತ್ತಿತ್ತು, ಆಗಷ್ಟೇ ಕಾರ್ಖಾನೆಯಿಂದ ಇಳಿಸಿದ ಹಾಗೆ. ಎರಡು ಬೋಗಿಗಳೂ ಸ್ನಾನ ಮಾಡಿ ಹಿಂದೆ ನಿಂತಿದ್ದವು. ಎಂಜಿನ್ನಿನ ಮುಂದಿನ ದುಂಡು ಬಾಗಿಲಿನ ನಡುವೆ, ಹಣೆಗೆ ಇಟ್ಟ ಹಾಗೆ, ಅರಿಶಿನ ಕುಂಕುಮ. ಮೇಲೊಂದು ಸೇವಂತಿಗೆ ಹೂವು.

'ಪಕ್ಕದ ಸೈಟಲ್ಲಿ ಮನೆ ಕಟ್ತಿದಾರಲ್ಲ, ಆ ಸುಣ್ಣದಕಲ್ಲಿನ ಧೂಳು ಪೂರ್ತಿ ನಿಮ್ಮ ಗಾಡಿ ಮೇಲೇ ಕೂತಿತ್ತು ಕಣ್ರೀ' ಎಂದಳು ಹೆಂಡತಿ. 'ಹಳೇ ಟೂತ್‌ಬ್ರಶ್ ಹಾಕಿ ಸಂದಿ ಸಂದಿ ಬಿಡದೆ ತೊಳ್ದೆ. ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ.'

ಬಯ್ಯಲು ಬಾಯಿ ಬರಲಿಲ್ಲ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು. ಆರತಿ ತೆಗೆದುಕೊಂಡೆ. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಊಟಕ್ಕೆ ಕೂತಾಗ ಒಬ್ಬಟ್ಟು ಮುರಿದು ಹಾಗೇ ಬಿಟ್ಟೆ. 'ಏನಾಯ್ತು, ಮಾತ್ರೆ ತಗೊಂಡ್ರಾ?' ಎಂದು ಕೇಳಿದಳು. ಆಗ ಹೇಳಿದೆ. ಅದು ಧೂಳಲ್ಲ, ನಾನು ಹಾಕಿದ್ದು ಎಂದೆ. ಅವಳು ಮೊದಲು ನಕ್ಕಳು, ತಮಾಷೆ ಮಾಡುತ್ತಿದ್ದೇನೆಂದು. ಆಮೇಲೆ ನನ್ನ ಕೈ ನೋಡಿದಳು. ಎದುರಿಗಿದ್ದ ತಟ್ಟೆಯನ್ನು ಸರಿಸಿ ಎದ್ದು ಹೋದಳು. ಗ್ಯಾರೇಜಿನಲ್ಲಿ ಅವಳು ಅಳುವುದು ಕೇಳಿಸಿತು. ನನಗೂ ಅಳು ಬಂತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದು.

ಮಗಳಿರುವುದು ಡಲ್ಲಾಸಿನ ಆಚೆ ಪ್ರಾಸ್ಪರಿನಲ್ಲಿ. ಸುದ್ದಿ ತಿಳಿದು ಫೋನ್ ಮಾಡಿದಳು. 'ಅಪ್ಪಾ, ಇಟ್ಸ್ ಜಸ್ಟ್ ಡರ್ಟ್. ಯು ಕ್ಯಾನ್ ಪುಟ್ ಇಟ್ ಬ್ಯಾಕ್' ಎಂದಳು.

'ಯಾವ ಕೈಯಲ್ಲಿ ಮಗಳೇ?' ಎಂದೆ.

ಮಾರನೆಯ ಬೆಳಗ್ಗೆ ನೋಡಿದರೆ ಹೆಂಡತಿ ನನ್ನ ಸ್ಟೂಲಿನ ಮೇಲೆ ಕೂತಿದ್ದಾಳೆ. ಎದುರಿಗೆ ಪುಡಿಯ ಡಬ್ಬಿಗಳು, ಕೈಯಲ್ಲಿ ನನ್ನ ಕುಂಚ. ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಒಂದು ಚುಕ್ಕೆ ಕೆಂಪು ಮಾತ್ರ ಬಣ್ಣದೊಳಗೆ ಇಳಿದು ನಿಂತಿತ್ತು, ಹೋಗಲಿಲ್ಲ.

'ಹೇಳಿ. ಎಲ್ಲಿ, ಎಷ್ಟು?'

'ಇದು ನಿನ್ನ ಕೈಲಿ ಆಗೋದಲ್ಲ ಕಣೆ.'

'ಆಗದೇ ಇದ್ರೆ ತೊಳೆಯೋದಂತೂ ಗೊತ್ತಿದೆಯಲ್ಲ.'

ಅವಳದು ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ. ತಪ್ಪು ಹುಡುಕುವುದಕ್ಕೇ ಸಂಬಳ ಕೊಡುತ್ತಾರೆ. ಅಂಥವಳಿಗೆ ಕಲಿಸುವುದು ಸುಲಭವಲ್ಲ. ಬಾಯ್ಲರಿನ ಮೇಲೆ ಮಸಿ ದಟ್ಟ, ಕೆಳಗೆ ತೆಳು ಎಂದರೆ, 'ಯಾಕೆ?' ಎನ್ನುವಳು. ಹೊಗೆ ಮೇಲಿಂದ ಇಳಿಯುತ್ತದೆ ಎಂದರೆ, 'ಹಾಗಾದ್ರೆ ಈ ಪಟ್ಟಿ ಕೆಳಗೆ ಮಸಿ ಕಮ್ಮಿ ಇರ್ಬೇಕಲ್ಲ?' ಎನ್ನುವಳು. ಬೋಗಿಗಳ ಪಕ್ಕೆ ಶುಚಿಯಾಗಿದ್ದು ಎರಡು ತುದಿಗಳು ಮಾತ್ರ ಕೊಳಕಾಗಿರಬೇಕು, ಆ ಕಾಲದಲ್ಲಿ ಬೋಗಿ ತೊಳೆಯುವ ಯಂತ್ರದ ಬ್ರಶ್ಶು ತುದಿಗೆ ಮುಟ್ಟುತ್ತಿರಲಿಲ್ಲ ಎಂದು ಹೇಳಿದೆ. ಅದೊಂದನ್ನು ಪ್ರಶ್ನೆಯಿಲ್ಲದೆ ಒಪ್ಪಿದಳು. 'ಮನೆಗೆ ನೆಂಟರು ಬಂದಾಗ ನಾವು ಮಾಡೋದೂ ಅದೇ' ಎಂದಳು.

ಮೊದಮೊದಲು ಪುಡಿ ಹೆಚ್ಚಾಗುತ್ತಿತ್ತು. ಒರೆಸುವುದು, ಮತ್ತೆ ಹಾಕುವುದು. ಒಂದು ದಿನ ಕುಂಚ ಬದಿಗಿಟ್ಟು, ರಂಗೋಲಿ ಎಳೆಯುವ ಹಾಗೆ ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಮಸಿ ಉದುರಿಸಿದಳು. ಅದು ಬಾಯ್ಲರಿನ ಬೆನ್ನ ಮೇಲೆ ಮೆಲ್ಲಗೆ ತಾನಾಗಿ ಕೂತಿತು. ಕರೀ ಕೈ ಎತ್ತಿ ತೋರಿಸಿ, 'ಕೈ ಕೆಸರಾಯ್ತು, ಮೊಸರೆಲ್ಲಿ?' ಎಂದಳು. ಹಬ್ಬದ ದಿನದಿಂದ ಅವಳು ನಕ್ಕದ್ದು ಅದೇ ಮೊದಲು.

ಒಂದು ಬೆಳಗ್ಗೆ ಭೂತಗನ್ನಡಿ ಹಿಡಿದು ಫೋಟೋ ನೋಡುತ್ತಿದ್ದವಳು, 'ಈ ಕಂಬಿ ಯಾಕೆ ಹೊಳೀತಿದೆ?' ಎಂದಳು. ಡ್ರೈವರ್ ಹತ್ತಿ ಇಳಿಯುವ ಕಡೆ ನೆಟ್ಟಗೆ ನಿಂತ ಹಿಡಿಕಂಬಿ ಅದು.

'ಬೆಳಕು ಬಿದ್ದಿದೆ' ಎಂದೆ.

'ಬೆಳಕಾದ್ರೆ ಪಕ್ಕದ ತಗಡೂ ಹೊಳೀಬೇಕಿತ್ತು. ದಿನಾ ಕೈ ಹಿಡಿಯೋ ಜಾಗ ಕಣ್ರೀ ಇದು. ಅಲ್ಲಿ ಕೊಳೆ ನಿಲ್ಲಲ್ಲ. ನಮ್ಮ ಫ್ರಿಜ್ ಹಿಡಿ ನೋಡಿ ಹೋಗಿ.'

ಭೂತಗನ್ನಡಿ ಇಸಿದುಕೊಂಡೆ. ನನ್ನ ಕೈ ಅಲುಗುತ್ತಿತ್ತು, ಅವಳು ಮಣಿಕಟ್ಟು ಹಿಡಿದುಕೊಂಡಳು. ಅವಳು ಹೇಳಿದ್ದು ಸರಿ. ಯೌವನದಿಂದ ನೋಡುತ್ತ ಬಂದ ಫೋಟೋ. ಅಷ್ಟೂ ತಿಂಗಳು ಕಷ್ಟಪಟ್ಟು ಆ ಕಂಬಿಗೆ ನಾನು ಮಸಿ ಬಳಿದಿದ್ದೆ. ಅವಳು ತೊಳೆಯದೆ ಹೋಗಿದ್ದರೆ ಆ ತಪ್ಪು ವಾರ್ನಿಷ್ ಕುಡಿದು ಶಾಶ್ವತವಾಗಿ ಕೂರುತ್ತಿತ್ತು. ನನಗೆ ಸಂಕಟವಾಗಬೇಕಿತ್ತು. ಆದದ್ದು ಸಮಾಧಾನ. ಆ ಎಂಜಿನ್ನನ್ನು ಒಬ್ಬನೇ ನೋಡುತ್ತಿದ್ದವನಿಗೆ ಇನ್ನೊಂದು ಜೊತೆ ಕಣ್ಣು ಸಿಕ್ಕಿತ್ತು. ಕಂಬಿಯನ್ನು ಅವಳು ಬರಿಯ ಬೆರಳಿನಿಂದ ಉಜ್ಜಿ ಹೊಳಪು ತಂದಳು. ವಾರ್ನಿಷನ್ನೂ ಅವಳೇ ಸಿಂಪಡಿಸಿದಳು. ಆ ಕೆಂಪು ಚುಕ್ಕೆ ಮಸಿಯ ಅಡಿಯಲ್ಲಿ ಮುಚ್ಚಿಹೋಯಿತು.

ಹ್ಯೂಸ್ಟನ್ನಿಗೆ ಅವಳೇ ಡ್ರೈವ್ ಮಾಡಿದಳು. ನಾನು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಎಂಜಿನ್ನನ್ನು ಹಳಿಗೆ ಇಳಿಸುವಾಗ ಒಂದೊಂದು ಚಕ್ರವೂ ಕೂದಲಷ್ಟು ತಪ್ಪದೆ ಕೂರಬೇಕು. ನಾನು ಪ್ರಯತ್ನಿಸಲಿಲ್ಲ. ಅವಳು ಕೂರಿಸಿದಳು. ಅಲ್ಲಿನ ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಬಗ್ಗಿ ನೋಡಿದರು, ಪಕ್ಕದಲ್ಲಿಟ್ಟಿದ್ದ ಫೋಟೋ ನೋಡಿದರು, ಮತ್ತೆ ಎಂಜಿನ್ ನೋಡಿದರು. ಈ ಕೊಳೆ ಯಾರು ಮಾಡಿದ್ದು ಎಂದು ನನ್ನನ್ನು ಕೇಳಿದರು. ಹೆಂಡತಿಯ ಕಡೆ ಕೈ ತೋರಿಸಿದೆ. ಹೇಗೆ ಕಲಿತಿರಿ ಎಂದು ಅವಳನ್ನು ಕೇಳಿದರು. 'ಮೊದಲು ಪೂರ್ತಿ ತೊಳೆದೆ' ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ. ನಾವೂ ವಿವರಿಸಲು ಹೋಗಲಿಲ್ಲ.

ಈ ವರ್ಷ ಮತ್ತೆ ಆಯುಧಪೂಜೆ ಬಂತು. ನನ್ನ ಬಲಗೈ ಈಗ ಮಾತ್ರೆಯ ಮಾತನ್ನೂ ಅಷ್ಟಾಗಿ ಕೇಳುವುದಿಲ್ಲ. ಅಂಗಿಯ ಗುಂಡಿಯನ್ನೂ ಅವಳೇ ಹಾಕುತ್ತಾಳೆ. ಗ್ಯಾರೇಜಿನಲ್ಲಿ ಎಂದಿನ ಹಾಗೆ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದಳು. ಅರಿಶಿನ ಕುಂಕುಮ ಕಾರಿಗೆ ಇಟ್ಟಳು, ಮಿಕ್ಸಿಗೆ ಇಟ್ಟಳು, ನನ್ನ ಅರಗಳಿಗೆ, ಬೆಸುಗೆ ಕಡ್ಡಿಗೆ, ಕುಂಚಗಳಿಗೆ ಇಟ್ಟಳು. ಎಂಜಿನ್ನಿನ ಎದುರು ಬಂದು ಒಂದು ಹೂವನ್ನು ಮಾತ್ರ ಪಕ್ಕದಲ್ಲಿಟ್ಟು ಮುಂದೆ ಹೋದಳು.

'ಅದಕ್ಕೆ ಕುಂಕುಮ ಬೇಡ್ವಾ?' ಎಂದೆ.

'ಫೋಟೋದಲ್ಲಿ ಇಲ್ಲ' ಎಂದಳು.

ಅರಿಶಿನ ಕುಂಕುಮದ ಬಟ್ಟಲನ್ನು ಕೆಳಗಿಡಲು ಹೋದವಳನ್ನು ತಡೆದೆ. ಇನ್ನೊಂದು ಬಾಕಿ ಇದೆ ಎಂದೆ. ಅವಳು ಸುತ್ತ ನೋಡಿದಳು, ಏನು ಮರೆತೆ ಎಂದು. ನಾನು ಅರಿಶಿನದಲ್ಲಿ, ಆಮೇಲೆ ಕುಂಕುಮದಲ್ಲಿ ಬೆರಳು ಅದ್ದಿ, ಅವಳ ಬಲಗೈ ಹಿಡಿದು ಮುಂಗೈಯ ಮೇಲೆ ಇಡಲು ಹೋದೆ. ಬೆರಳು ನಿಲ್ಲಲಿಲ್ಲ. ಬೊಟ್ಟಾಗಬೇಕಾದ್ದು ಮಣಿಕಟ್ಟಿನ ತನಕ ಅಡ್ಡಾದಿಡ್ಡಿ ಗೆರೆಯಾಗಿ ಹರಡಿತು.

ಅವಳು ಸೆರಗು ಎತ್ತಿಕೊಂಡು ಕಣ್ಣು ಒರೆಸಿಕೊಂಡಳು. ಕೈ ಒರೆಸಿಕೊಳ್ಳಲಿಲ್ಲ.