ಆಟದೂರಿನವರಿಗೆ ನಡೆಯಲು ಕಲಿಸಿದ ನಡಿಗೆಯಕ್ಕ

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಉದ್ದನೆಯ ಕೋಣೆಯ ಆ ತುದಿಯಿಂದ ಈ ತುದಿಗೆ ಹೆಂಗಸೊಬ್ಬರು ನೀರು ತುಂಬಿದ ಬಕೆಟ್ ಹಿಡಿದು ನಡೆಯುತ್ತಿದ್ದಾರೆ. ಸ್ಟೂಲಿನ ಮೇಲೆ ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿಟ್ಟ ಮೊಬೈಲು ಅವರನ್ನು ಚಿತ್ರೀಕರಿಸುತ್ತಿದೆ. ಗೋಡೆಯವರೆಗೆ ಹೋಗಿ ತಿರುಗುತ್ತಾರೆ, ಮತ್ತೆ ನಡೆಯುತ್ತಾರೆ. ನೆಲದ ಮೇಲೆಲ್ಲ ನೀರಿನ ಚುಕ್ಕೆ. ಹನ್ನೊಂದನೆಯ ಸಲ ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು, ವಿಡಿಯೊ ಹಾಕಿ ನನ್ನನ್ನೂ ಕರೆದು ನೋಡಲು ಕೂರುತ್ತಾರೆ.

"ಇಲ್ಲಿ ನೋಡಿ. ಭಾರ ಇರೋದು ಬಲಗೈಲಿ. ಆದ್ರೆ ಕಷ್ಟ ಪಡ್ತಿರೋದು ಎಡಗೈ. ಹೇಗೆ ಮೈಯಿಂದ ದೂರ ಹೋಗಿ ನಿಂತಿದೆ ನೋಡಿ. ಇದೊಂದು ಬರದೇ ಹೋದ್ರೆ ಬಕೆಟ್ ಖಾಲಿ ಅನ್ಸುತ್ತೆ."

ಖಾಲಿ ಎನಿಸಬಾರದ ಆ ಬಕೆಟ್ಟು ಇರಬೇಕಾದದ್ದು ಕಂಪ್ಯೂಟರಿನೊಳಗಿನ ಒಂದು ಊರಿನಲ್ಲಿ. ಐದೇ ಜನರ ಪುಟ್ಟ ತಂಡವೊಂದು ಈ ಮಹಡಿಯಲ್ಲಿ ಕುಳಿತು ಆನ್‌ಲೈನ್ ಆಟವೊಂದನ್ನು ಕಟ್ಟುತ್ತಿದೆ. ಬೇರೆ ಬೇರೆ ಕಡೆಯ ಜನ ತಮ್ಮ ತಮ್ಮ ಮನೆಯಲ್ಲೇ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ, ಅದೇ ಊರಿನಲ್ಲಿ ತಿರುಗಾಡುತ್ತಾರೆ, ವ್ಯಾಪಾರ ಮಾಡುತ್ತಾರೆ, ಜಗಳವಾಡುತ್ತಾರೆ, ರಾಜಿಯಾಗುತ್ತಾರೆ. ಆ ಊರಿನ ಸಿಪಾಯಿ, ಕಮ್ಮಾರ, ಮುದುಕಿ, ನೀರು ಹೊರುವವಳು ಎಲ್ಲರಿಗೂ ರೂಪ ಬರೆಯುವವರು ಬೇರೆ ಇದ್ದಾರೆ. ಆದರೆ ಅವರೆಲ್ಲರ ಕೈಕಾಲು ಆಡಿಸುವವರು ಈ ಒಬ್ಬರೇ. ವಯಸ್ಸು ನಲವತ್ತೊಂಬತ್ತು. ತಂಡದವರು ಇಟ್ಟಿರುವ ಹೆಸರು ನಡಿಗೆಯಕ್ಕ.

ಒಂದು ಸೆಕೆಂಡಿನ ಚಲನೆಗೆ ಮೂವತ್ತು ಚಿತ್ರ. ಎಲ್ಲವನ್ನೂ ಕೈಯಿಂದಲೇ ಮಾಡಬೇಕೆಂದಿಲ್ಲ, ಮುಖ್ಯವಾದ ಭಂಗಿಗಳನ್ನು ಕೊಟ್ಟರೆ ನಡುವಿನದನ್ನು ಕಂಪ್ಯೂಟರೇ ತುಂಬುತ್ತದೆ. ಹಾಗೆ ತುಂಬಿದ್ದನ್ನು ಅದರ ಪಾಡಿಗೆ ಬಿಟ್ಟರೆ ಮನುಷ್ಯ ಬಾಗಿಲಿನ ಹಾಗೆ ಆಡುತ್ತಾನೆ ಎಂಬುದು ನಡಿಗೆಯಕ್ಕನ ದೂರು. ಆದ್ದರಿಂದ ಒಂದೊಂದನ್ನೂ ತಿದ್ದುತ್ತಾರೆ. ಕೆಲಸ ಸರಾಗವಾಗಿ ಸಾಗಿದ ದಿನ ಎರಡು ಸೆಕೆಂಡಿನಷ್ಟು ಚಲನೆ ಮುಗಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಮೈ ಮುರಿದು ದುಡಿದರೆ ಎರಡು ಸೆಕೆಂಡು. ನಾಲ್ಕು ವರ್ಷದಲ್ಲಿ ಮುನ್ನೂರ ಹನ್ನೆರಡು ಚಲನೆಗಳಾಗಿವೆ. ಅದರಲ್ಲಿ ಬರೀ ನಿಲ್ಲುವುದೇ ಇಪ್ಪತ್ತೇಳು ಬಗೆ.

ಇವರು ಚಿತ್ರಕಲೆ ಓದಿದವರಲ್ಲ. ಕಂಪ್ಯೂಟರ್ ಅಂತೂ ಕಲಿತೇ ಇರಲಿಲ್ಲ. ಹದಿನೆಂಟು ವರ್ಷ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಸಹಾಯಕಿಯಾಗಿದ್ದರು. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದವರು, ಒಂದು ಕಾಲು ಕಳೆದುಕೊಂಡವರು ಎರಡು ಕಂಬಿಗಳ ನಡುವೆ ಮೊದಲ ಹೆಜ್ಜೆ ಇಡುವಾಗ ಪಕ್ಕದಲ್ಲಿ ನಿಂತು ಹಿಡಿದುಕೊಳ್ಳುವುದು ಇವರ ಕೆಲಸ. ಯಾರು ಯಾವ ಕಡೆ ವಾಲುತ್ತಾರೆಂದು ಅವರು ವಾಲುವ ಮೊದಲೇ ತಿಳಿಯಬೇಕು. ತಿಳಿಯದಿದ್ದರೆ ಬೀಳುತ್ತಾರೆ. "ಹದಿನೆಂಟು ವರ್ಷದಲ್ಲಿ ನನ್ನ ಕೈಲಿ ಬಿದ್ದಿದ್ದು ಇಬ್ಬರೇ," ಎನ್ನುತ್ತಾರೆ. ಆ ಇಬ್ಬರ ವಯಸ್ಸು, ಬಿದ್ದ ವಾರ, ಎದ್ದ ರೀತಿ ಎಲ್ಲವೂ ಇವತ್ತಿಗೂ ನೆನಪಿದೆ.

ಆ ವಿಭಾಗವನ್ನು ಮುಚ್ಚಿದಾಗ ಇವರಿಗೆ ನಲವತ್ತನಾಲ್ಕು. ಕೆಲಸವಿಲ್ಲದೆ ಮನೆಯಲ್ಲಿದ್ದ ಒಂದು ಮಧ್ಯಾಹ್ನ ಅಣ್ಣನ ಮಗಳು ಬಂದಳು. ಆಟದ ಪಾತ್ರಗಳ ರೂಪ ಬರೆಯುತ್ತಿದ್ದವಳು ಆಕೆಯೇ. ಹೊಸದಾಗಿ ಮಾಡಿದ ಸಿಪಾಯಿಯನ್ನು ಹೆಮ್ಮೆಯಿಂದ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ನೋಡಿ, ಇವನಿಗೆ ಸೊಂಟವೇ ಇಲ್ಲವಲ್ಲ, ಇವನು ನಮ್ಮಲ್ಲಿಗೆ ಬಂದಿದ್ದರೆ ಆರು ವಾರ ಕಂಬಿ ಹಿಡಿಸುತ್ತಿದ್ದೆವು ಎಂದರು. ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಸರಿಯಾದ ಸೊಂಟ ಹೇಗಿರುತ್ತದೆ ತೋರಿಸಿ ಅತ್ತೆ ಎಂದಳು. ಎರಡು ಗಂಟೆ ಕಾಲ ಅತ್ತೆ ಅಡುಗೆಮನೆಯಿಂದ ಬಾಗಿಲಿನವರೆಗೆ ನಡೆದು ತೋರಿಸಿದರು. ಮರುವಾರ ಅವರನ್ನು ಕೈಹಿಡಿದು ಈ ಮಹಡಿಗೆ ಕರೆತಂದದ್ದೂ ಅವಳೇ.

ಕಲಿಯುವುದು ಸುಲಭವಾಗಿರಲಿಲ್ಲ. ಮೊದಲ ತಿಂಗಳು ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ಯಾವ ಮೂಲೆಗೆ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಗೇಮ್ ಆಡುತ್ತಾ ಕೂತಿದ್ದಾಳೆ ಎಂದು ನಾದಿನಿಯರು ಮೂಗು ಮುರಿದರು. ಗಂಡ ಮಾತ್ರ ಬೆನ್ನಿಗೆ ನಿಂತರು. ಅವರು ಲಿಫ್ಟ್ ಮೆಕ್ಯಾನಿಕ್. "ನಾನು ಜನರಿಗೆ ನಡೆಯೋದು ಬಿಡಿಸೋನು, ಇವಳು ನಡೆಸೋಳು. ಮನೇಲಿ ಲೆಕ್ಕ ಸರಿ ಹೋಯ್ತು," ಎಂದು ಅವರು ಈಗಲೂ ಬಂದವರೆದುರು ಹೇಳಿ ತಾವೇ ಮೊದಲು ನಗುತ್ತಾರೆ.

ನಿಜವಾದ ಪರೀಕ್ಷೆ ಬಂದದ್ದು ಕಳೆದ ವರ್ಷ. ಆಟವನ್ನು ಮೊದಲ ಬಾರಿ ಜನರಿಗೆ ತೆರೆದಿಟ್ಟರು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಬಂದಷ್ಟೇ ವೇಗವಾಗಿ ಕಾಲಿಗೆ ಬುದ್ಧಿ ಹೇಳಿದರು. ಹನ್ನೆರಡು ದಿನದಲ್ಲಿ ಉಳಿದವರು ನಾನೂರು ಚಿಲ್ಲರೆ. ಹೋದವರು ಬರೆದಿಟ್ಟು ಹೋದ ಮಾತು ಹೆಚ್ಚುಕಡಿಮೆ ಒಂದೇ: ಪಾತ್ರಗಳು ನಡೆಯುವುದಿಲ್ಲ, ಮಂಜುಗಡ್ಡೆಯ ಮೇಲೆ ಜಾರುತ್ತವೆ. ಗುಂಡಿ ಒತ್ತಿದರೆ ತೂಕಡಿಸಿ ಹೊರಡುತ್ತವೆ.

ತಂಡದ ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಮೊದಲು ಗಣಿತ ಪಾಠ ಹೇಳುತ್ತಿದ್ದವರು, ಈಗ ಆಟದ ಪ್ರೋಗ್ರಾಂ ಬರೆಯುವವರು. ಅವರು ನಡಿಗೆಯಕ್ಕನನ್ನು ಕೂರಿಸಿಕೊಂಡು, ಸಿದ್ಧ ಚಲನೆಗಳ ಸೆಟ್ಟುಗಳು ಕೊಳ್ಳಲು ಸಿಗುತ್ತವೆ, ಅದನ್ನೇ ಹಾಕಿಬಿಡೋಣ ಎಂದು ಮೆಲ್ಲಗೆ ಹೇಳಿದರು. ಹಾಕಿದರೆ ಮೂರು ವರ್ಷದ ದುಡಿಮೆ ನೀರಿನಲ್ಲಿ ಮಾಡಿದ ಹೋಮ. ಆಮೇಲೆ ಇವರಿಗೆ ಆ ಕೋಣೆಯಲ್ಲಿ ಕೆಲಸವೂ ಉಳಿಯುತ್ತಿರಲಿಲ್ಲ.

"ಅಳು ಬರಲಿಲ್ಲ. ಸಿಟ್ಟು ಬಂತು," ಎನ್ನುತ್ತಾರೆ. "ನಾನು ಮಾಡಿದ ನಡಿಗೆ ಜಾರೋದಿಲ್ಲ ಅಂತ ನನಗೆ ಗೊತ್ತಿತ್ತು. ಹಾಗಾದ್ರೆ ಜಾರಿಸ್ತಿರೋದು ಯಾರು? ಮೂರು ವಾರ ಕೊಡಿ ಮೇಷ್ಟ್ರೇ ಅಂದೆ."

ಮೇಷ್ಟ್ರು ಕೊಟ್ಟರು. ಮರುದಿನ ನಡಿಗೆಯಕ್ಕ ಸೀಮೆಸುಣ್ಣ ತಂದು ನೆಲದ ಮೇಲೆ ಗೀಟು ಹಾಕಿದರು. ಆಟದ ಸಿಪಾಯಿ ಎಷ್ಟು ಎತ್ತರ, ಅವನ ಒಂದು ಹೆಜ್ಜೆಗೆ ಎಷ್ಟು ನೆಲ ಸಾಗಬೇಕು ಎಂದು ಅಳೆದರು. ಪರದೆಯಲ್ಲಿ ಅವನು ನಿಜಕ್ಕೂ ಎಷ್ಟು ದೂರ ಸಾಗುತ್ತಿದ್ದಾನೆಂದು ಗಡಿಯಾರ ಹಿಡಿದು ಎಣಿಸಿದರು. ಒಂದಕ್ಕೊಂದು ತಾಳೆಯಾಗಲಿಲ್ಲ. ಕಾಲು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೈ ಐದು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ಜಾರುತ್ತಿದ್ದದ್ದು ಆ ಒಂದು ಹೆಜ್ಜೆ. ಆಟ ನಿಧಾನವಾಯಿತೆಂದು ಯಾರೋ ಹೇಳಿದ್ದಕ್ಕೆ ಮೇಷ್ಟ್ರು ಪ್ರೋಗ್ರಾಮಿನಲ್ಲಿ ಪಾತ್ರಗಳ ವೇಗ ಹೆಚ್ಚಿಸಿದ್ದರು. ನಡಿಗೆಯಕ್ಕನಿಗೆ ಹೇಳುವುದು ಮರೆತಿದ್ದರು. ನೆಲದ ಗೀಟುಗಳ ಮುಂದೆ ನಿಂತು ಎಲ್ಲರೆದುರು ತಪ್ಪು ನನ್ನದೇ ಎಂದು ಒಪ್ಪಿಕೊಂಡರು.

ಜಾರುವುದು ನಿಂತಿತು. ತೂಕಡಿಕೆ ಉಳಿಯಿತು. ಮನುಷ್ಯ ಹೆಜ್ಜೆ ಎತ್ತುವ ಮೊದಲು ಮೈಭಾರವನ್ನು ಇನ್ನೊಂದು ಕಾಲಿಗೆ ಹೊರಿಸುತ್ತಾನೆ. ಅದಿಲ್ಲದಿದ್ದರೆ ಅದು ನಡಿಗೆಯೇ ಅಲ್ಲ ಎಂಬುದು ನಡಿಗೆಯಕ್ಕನ ಪಟ್ಟು. ಆಟಗಾರ ಗುಂಡಿ ಒತ್ತಿದ ಮೇಲೆ ಕಾಲು ಸೆಕೆಂಡು ಕಾಯುವುದಿಲ್ಲ ಎಂಬುದು ಮೇಷ್ಟ್ರ ಪಟ್ಟು. ಎರಡು ದಿನ ಇಬ್ಬರಿಗೂ ಮಾತಿಲ್ಲ. ಕಾಗದದ ಚೀಟಿಯಲ್ಲಿ ಬರೆದು ಅಣ್ಣನ ಮಗಳ ಕೈಲಿ ಕಳಿಸುತ್ತಿದ್ದರಂತೆ.

ಮೂರನೆಯ ದಿನ ಬಸ್ಸಿನಲ್ಲಿ ನಿಂತು ಬರುವಾಗ ನಡಿಗೆಯಕ್ಕನಿಗೆ ಉಪಾಯ ಹೊಳೆಯಿತು. ಆಸ್ಪತ್ರೆಯಲ್ಲಿ ರೋಗಿ ಹೆಜ್ಜೆ ಹಾಕಲು ಹೊರಡುವಾಗ ಸಹಾಯಕಿಯ ಕೈ ಬೆನ್ನಿಗಿದ್ದು ಭಾರ ಹಂಚಿಕೊಳ್ಳುತ್ತದೆ. ಒಬ್ಬ ಮನುಷ್ಯನ ನಿಜವಾದ ಭಾರ ಎಷ್ಟೆಂದು ಗೊತ್ತಾಗುವುದು ಅವನು ನಿಲ್ಲುವಾಗ. "ಹೊರಡೋದು ನಿಮಗೆ ಬಿಟ್ಟೆ ಮೇಷ್ಟ್ರೇ, ಎಷ್ಟು ಬೇಕಾದ್ರೂ ಬೇಗ ಹೊರಡಿಸಿ. ನಿಲ್ಲೋದು ಮಾತ್ರ ನನಗೆ ಬಿಡಿ ಅಂದೆ." ಅಂದಿನಿಂದ ಆಟದ ಪಾತ್ರಗಳು ಗುಂಡಿ ಒತ್ತಿದ ಕೂಡಲೇ ಹೊರಡುತ್ತವೆ. ಆದರೆ ನಿಲ್ಲುವಾಗ ಮಂಡಿ ತುಸು ಬಾಗುತ್ತದೆ, ಹಿಂದಿನ ಕಾಲು ಬಂದು ಜೊತೆ ಸೇರುತ್ತದೆ, ಭುಜ ಕೊನೆಯಲ್ಲಿ ಇಳಿಯುತ್ತದೆ. ಆಟಗಾರ ಕಾಯುವುದೇ ಇಲ್ಲ. ಆದರೂ ಅವನ ಕಣ್ಣಿಗೆ ಭಾರ ಕಾಣುತ್ತದೆ.

ಕೊನೆಯದು ಇಂಟರ್‌ನೆಟ್ಟಿನ ತೊಡಕು. ದೂರದಲ್ಲಿರುವ ಆಟಗಾರನ ಪಾತ್ರ ಎಲ್ಲಿದೆ ಎಂಬ ಸುದ್ದಿ ತಡವಾಗಿ ಬರುತ್ತದೆ. ಬಂದ ಕೂಡಲೇ ಆ ಪಾತ್ರ ಕಪ್ಪೆಯ ಹಾಗೆ ಛಂಗನೆ ಸರಿಯಾದ ಜಾಗಕ್ಕೆ ಹಾರುತ್ತಿತ್ತು. ಸುದ್ದಿಯನ್ನು ಬೇಗ ತರಿಸುವುದು ಯಾರ ಕೈಲೂ ಇಲ್ಲ. ನಡಿಗೆಯಕ್ಕ ಕಿಟಕಿಯಲ್ಲಿ ನಿಂತು ಬೀದಿ ನೋಡಿದರು. ಜೊತೆಗಾರರಿಂದ ಹಿಂದುಳಿದವರು ನಾಲ್ಕು ಚಿಕ್ಕ, ಚುರುಕು ಹೆಜ್ಜೆ ಹಾಕಿ ಅವರನ್ನು ಸೇರಿಕೊಳ್ಳುತ್ತಾರೆ. ಅದನ್ನೇ ಮಾಡಿ ಕೊಟ್ಟರು. ಈಗ ತಡವಾದ ಪಾತ್ರ ಹಾರುವುದಿಲ್ಲ, ಸರಸರನೆ ಬಂದು ಸೇರಿಕೊಳ್ಳುತ್ತದೆ. ಕೊಟ್ಟ ಮೂರು ವಾರದಲ್ಲಿ ಒಂದು ದಿನ ಇನ್ನೂ ಉಳಿದಿತ್ತು.

ಆಟವನ್ನು ಮತ್ತೆ ತೆರೆದರು. ಈ ಸಲ ಬಂದವರಲ್ಲಿ ಮುಕ್ಕಾಲು ಪಾಲು ಉಳಿದುಕೊಂಡರು. ಸಿದ್ಧ ಸೆಟ್ಟಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮೇಷ್ಟ್ರು ಒಂದಿಡೀ ದಿನ ಕೂತು ಆಟಗಾರರ ಅಭಿಪ್ರಾಯಗಳನ್ನೆಲ್ಲ ಓದಿದರು. ಕತ್ತಿ ಮೊಂಡು, ನಕ್ಷೆ ಅರ್ಥವಾಗುವುದಿಲ್ಲ, ಕಮ್ಮಾರ ಒರಟ. ದೂರುಗಳಿಗೇನೂ ಕೊರತೆಯಿರಲಿಲ್ಲ. "ನಡಿಗೆ ಅನ್ನೋ ಪದಾನೇ ಎಲ್ಲೂ ಇಲ್ಲ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಓಡಿಹೋಗಿ ಅಕ್ಕನಿಗೆ ಹೇಳಿದೆ," ಎಂದು ಅವರು ನೆನೆಯುತ್ತಾರೆ. ಸುದ್ದಿ ಕೇಳಿ ನಡಿಗೆಯಕ್ಕ ಅಂದು ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದರಂತೆ.

ಇದು ಈ ಕೆಲಸದ ಹಣೆಬರಹ. ಕೆಟ್ಟರೆ ಊರಿಗೆಲ್ಲ ಕಾಣುತ್ತದೆ, ಚೆನ್ನಾದರೆ ಯಾರಿಗೂ ಕಾಣುವುದಿಲ್ಲ. ಆಟದ ಕೊನೆಯಲ್ಲಿ ಬರುವ ಹೆಸರುಗಳ ಸಾಲಿನಲ್ಲಿ ಇವರದ್ದೂ ಇದೆ. ಆದರೆ ಅಲ್ಲಿಯವರೆಗೆ ಆಡಿ ಮುಗಿಸಿದವರು ಇನ್ನೂ ಯಾರೂ ಇಲ್ಲ. ಬೇಜಾರಿಲ್ಲವೇ ಎಂದು ಕೇಳಿದರೆ ಭುಜ ಕುಣಿಸಿ, ನೀವು ಇವತ್ತು ಮೆಟ್ಟಿಲು ಹತ್ತಿ ಬಂದಿರಲ್ಲ, ನಿಮ್ಮ ಮಂಡಿಯನ್ನು ಹೊಗಳಿದಿರಾ ಎಂದು ನನ್ನನ್ನೇ ಕೇಳುತ್ತಾರೆ.

ಈಚೆಗೆ ಅವರು ಆಟದೊಳಗೆ ಹೋಗಿಬರುವ ಅಭ್ಯಾಸ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ, ಸಾಧಾರಣ ಹೆಂಗಸೊಬ್ಬಳ ಪಾತ್ರದಲ್ಲಿ. ಕತ್ತಿ ಹಿಡಿಯುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ. ಹೋದ ತಿಂಗಳು ಆ ಊರಿನ ಹೊಳೆಯ ದಡದಲ್ಲಿ ಯಾರೋ ಆಟಗಾರರೊಬ್ಬರು ಅತ್ತಿಂದಿತ್ತ ನಡೆಯುತ್ತಿರುವುದನ್ನು ಕಂಡರು. ಶತ್ರುಗಳಿಲ್ಲದ, ನಿಧಿಯಿಲ್ಲದ ಜಾಗ. ಹೋಗುವುದು, ನಿಲ್ಲುವುದು, ತಿರುಗುವುದು, ಮತ್ತೆ ಹೋಗುವುದು. ಆಟದಲ್ಲಿ ಏನೋ ಕೆಟ್ಟು ಸಿಕ್ಕಿಹಾಕಿಕೊಂಡಿದ್ದಾರೆಂದು ಇವರಿಗೆ ಗಾಬರಿ. ಹತ್ತಿರ ಹೋಗಿ, ಏನಾದರೂ ತೊಂದರೆಯೇ ಎಂದು ಬರೆದು ಕೇಳಿದರು. ಉತ್ತರ ಬಂತು: "ಇಲ್ಲ ಇಲ್ಲ. ಸುಮ್ನೆ ನಡೀತಿದ್ದೀನಿ."

ನಡಿಗೆಯಕ್ಕ ಇದನ್ನು ಹೇಳುವಾಗ ಪರದೆಯ ಕಡೆ ತಿರುಗಿ, ಆ ಹೊಳೆಯ ದಡವನ್ನು ತೆರೆದು ನನಗೆ ತೋರಿಸುತ್ತಾರೆ. ಆ ಆಟಗಾರರು ಯಾರೆಂದು ಅವರಿಗೆ ತಿಳಿಯದು. ಗಂಡಸೋ ಹೆಂಗಸೋ, ವಯಸ್ಸೆಷ್ಟೋ, ಎಲ್ಲಿಯವರೋ, ನಡೆಯಬಲ್ಲವರೋ ಅಲ್ಲವೋ, ಒಂದೂ ಗೊತ್ತಿಲ್ಲ. ಆ ನಡಿಗೆ ಮಾಡಿದ್ದು ನೀವೇ ಎಂದು ಅವರಿಗೆ ಹೇಳಲಿಲ್ಲವೇ ಎಂದು ಕೇಳುತ್ತೇನೆ.

"ಯಾಕೆ ಹೇಳ್ಬೇಕು?" ಎನ್ನುತ್ತಾರೆ. "ನಡೆಯೋರಿಗೆ ಅಡ್ಡ ಹೋಗಬಾರದು. ನಾನೂ ಪಕ್ಕದಲ್ಲಿ ಸ್ವಲ್ಪ ದೂರ ನಡೆದೆ. ಆಮೇಲೆ ಟೈಮಾಯ್ತು, ಕೆಲಸಕ್ಕೆ ಬಂದೆ."